ಇನ್ನೂ ತೀರ್ಮಾನವಾಗದ ಬಂದೂಕುಗಳು

ಹಳೇ ಬಂದೂಕು ಸಂಗ್ರಹಿಸುವವರಲ್ಲಿ ಒಂದು ಗುಂಪಿಗೆ ಹೊಳಪು ಬೇಕು. ಚಿನ್ನದ ಕೆತ್ತನೆ, ದಂತದ ಹಿಡಿ, ಯಾರೋ ದೊಡ್ಡವರ ಹೆಸರು. ಇನ್ನೊಂದು ಗುಂಪು ಸ್ವಲ್ಪ ವಿಚಿತ್ರ. ಕೈಗೆ ಕೊಟ್ಟ ಕೂಡಲೇ ಇವರು ತಿರುಗಿಸಿ ನೋಡುವುದು ಸೀರಿಯಲ್ ನಂಬರ್. ಅದು ಎರಡೇ ಅಂಕಿ ಇದ್ದರೆ ಮಾತು ನಿಲ್ಲುತ್ತದೆ. ನಂಬರೇ ಇಲ್ಲದ, ಅರದಿಂದ ಉಜ್ಜಿದ ಗೆರೆಗಳು ಹಾಗೇ ಉಳಿದಿರುವ, ಬಣ್ಣ ಕಾಣದ ಉಕ್ಕಿನ ಪ್ರೊಟೊಟೈಪ್, ಅಂದರೆ ತಯಾರಿಕೆಗೆ ಮುಂಚೆ ಪರೀಕ್ಷೆಗೆಂದು ಮಾಡಿದ ಮಾದರಿ, ಸಿಕ್ಕರೆ ಆ ರಾತ್ರಿ ನಿದ್ದೆ ಇಲ್ಲ.

ನಾನು ಎರಡನೇ ಗುಂಪಿನ ಕಡೆ. ಆದರೆ ‘ನಂಬರ್ 1’ ಎನ್ನುವ ಹುಚ್ಚು ನನಗೆ ಅಷ್ಟಾಗಿ ಇಲ್ಲ. ನನಗೆ ಇಷ್ಟ ಆಗುವುದು ಬೇರೆ ವಿಷಯ. ಮೊದಮೊದಲ ಬಂದೂಕುಗಳಲ್ಲಿ ಕಾರ್ಖಾನೆ ಇನ್ನೂ ಪೂರ್ತಿ ಮನಸ್ಸು ಮಾಡಿರುವುದಿಲ್ಲ. ಆಮೇಲೆ ಬಿಟ್ಟುಬಿಟ್ಟ ಯೋಚನೆಗಳು ಅದರೊಳಗೆ ಹಾಗೇ ಕೂತಿರುತ್ತವೆ.

ಎಂ1 ಗ್ಯಾರಂಡ್ ತಗೊಳ್ಳಿ. ಅಮೆರಿಕದ ಸೈನ್ಯ 1936ರಲ್ಲಿ ಒಪ್ಪಿಕೊಂಡ ರೈಫಲ್ ಇದು. ಒಟ್ಟು 50 ಲಕ್ಷಕ್ಕೂ ಜಾಸ್ತಿ ತಯಾರಾಯಿತು, ಹಾಗಾಗಿ ಅಪರೂಪದ್ದೇನಲ್ಲ. ಆದರೆ ಸುಮಾರು ಮೊದಲ 50,000 ರೈಫಲ್‌ಗಳ ಕೆಲಸದ ರೀತಿಯೇ ಬೇರೆ ಇತ್ತು. ನಳಿಗೆಯ ತುದಿಗೆ ಒಂದು ಮುಚ್ಚಳದಂಥ ಭಾಗ ಸಿಕ್ಕಿಸಿದ್ದರು. ಗುಂಡು ನಳಿಗೆ ಬಿಟ್ಟಮೇಲೆ ಹಿಂದೆ ನುಗ್ಗುವ ಗ್ಯಾಸನ್ನು ಅದು ಹಿಡಿದು, ಪಿಸ್ಟನ್ ತಳ್ಳಿ, ಮುಂದಿನ ತೋಟಾ ಒಳಗೆ ತರಬೇಕಿತ್ತು. ಕಾಗದದ ಮೇಲೆ ಚೆನ್ನಾಗಿದೆ. ಬಳಕೆಯಲ್ಲಿ ಮಸಿ ಕಟ್ಟಿತು, ತುದಿಯ ಭಾಗ ಸಡಿಲವಾಯಿತು. 1940ರಲ್ಲಿ ಆ ಏರ್ಪಾಡನ್ನೇ ಬಿಟ್ಟು, ನಳಿಗೆಯಲ್ಲೇ ಒಂದು ಸಣ್ಣ ತೂತು ಕೊರೆದು ಗ್ಯಾಸ್ ತೆಗೆಯಲು ಶುರು ಮಾಡಿದರು. ಆಮೇಲೆ ಹಳೇ ರೈಫಲ್‌ಗಳು ರಿಪೇರಿಗೆ ಬಂದಾಗೆಲ್ಲ ಹೊಸ ಭಾಗಗಳನ್ನು ಹಾಕುತ್ತಾ ಹೋದರು. ಸೈನಿಕನ ದೃಷ್ಟಿಯಲ್ಲಿ ಅದೇ ಸರಿ ಅಲ್ವಾ, ಕೈಯಲ್ಲಿರುವುದು ಕೆಲಸ ಮಾಡಬೇಕು. ಸಂಗ್ರಹಕಾರನ ದೃಷ್ಟಿಯಲ್ಲಿ ಮಾತ್ರ ಇದು ದೊಡ್ಡ ಅನಾಹುತ, ಯಾಕೆಂದರೆ ಈಗ ಚಿಕ್ಕ ನಂಬರಿನ ರಿಸೀವರ್ (ನಂಬರ್ ಒತ್ತಿರುವ, ಬಂದೂಕಿನ ನಡುವಿನ ಮುಖ್ಯ ಭಾಗ) ಸಿಗಬಹುದು, ಅದರ ಮೇಲೆ ಮೊದಲಿದ್ದ ಆ ನಳಿಗೆ, ಆ ಮುಚ್ಚಳ, ಆ ಗ್ಯಾಸ್ ಸಿಲಿಂಡರ್ ಎಲ್ಲ ಒಟ್ಟಿಗೆ ಸಿಗುವುದು ತುಂಬಾ ಕಷ್ಟ. ನಕಲಿ ಭಾಗಗಳನ್ನು ಜೋಡಿಸಿ ‘ಮೊದಲಿನಿಂದ ಹೀಗೇ ಇತ್ತು’ ಎಂದು ಮಾರುವವರೂ ಇದ್ದಾರೆ.

ಜರ್ಮನಿಯ ವಾಲ್ಟರ್ ಪಿ38 ಪಿಸ್ತೂಲಿನದೂ ಇಂಥದ್ದೇ ಕಥೆ. ಮೊದಲ ಸರಣಿಯ ನಂಬರ್‌ಗಳು ಸೊನ್ನೆಯಿಂದ ಶುರುವಾಗುತ್ತವೆ, ಅದಕ್ಕೇ ಅದು ‘ಝೀರೋ ಸೀರೀಸ್’. ಅದರಲ್ಲೂ ಮೊದಮೊದಲವುಗಳಲ್ಲಿ ಖಾಲಿ ತೋಟಾ ಎಳೆದು ಹಾಕುವ ಕೊಕ್ಕೆ ಸ್ಲೈಡಿನ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಒಳಗೆ ಅಡಗಿದೆ. ಆಮೇಲೆ ಅದನ್ನು ಹೊರಗೆ ತಂದರು. ಮೊದಲಿನವನ್ನು ಪಕ್ಕದಿಂದ ನೋಡಿದರೆ ಸ್ಲೈಡು ನುಣ್ಣಗಿರುತ್ತದೆ, ಅಷ್ಟೇ ವ್ಯತ್ಯಾಸ. ಆ ನುಣುಪಿಗೇ ದುಡ್ಡು.

ಪ್ರೊಟೊಟೈಪ್ ಅಂದರೆ ಎಲ್ಲರ ಬಾಯಲ್ಲಿ ಬರುವುದು .45 ಲೂಗರ್. 1907ರಲ್ಲಿ ಅಮೆರಿಕದ ಸೈನ್ಯ ಹೊಸ ಪಿಸ್ತೂಲಿಗೆ ಪರೀಕ್ಷೆ ಇಟ್ಟಿತು, ಷರತ್ತು .45 (ಇಂಚಿನ ಲೆಕ್ಕ) ಅಳತೆಯ ಗುಂಡು. ಜಾರ್ಜ್ ಲೂಗರ್ ತನ್ನ ಪಿಸ್ತೂಲನ್ನು ಆ ಅಳತೆಗೆ ಹಿಗ್ಗಿಸಿ, ಕೈಯಲ್ಲಿ ಮಾಡಿದ್ದನ್ನು ತಂದ. ಪರೀಕ್ಷೆಯಲ್ಲಿ ಪಿಸ್ತೂಲು ತೀರಾ ಕೆಟ್ಟದಾಗೇನೂ ನಡೆದುಕೊಳ್ಳಲಿಲ್ಲ. ಮುಂದಿನ ಸುತ್ತಿಗೆ 200 ಪಿಸ್ತೂಲು ಮಾಡಿಕೊಡಿ ಎಂದಾಗ ಜರ್ಮನ್ ಕಂಪನಿ ಹಿಂದೆ ಸರಿಯಿತು. ಕೊನೆಗೆ 1911ರಲ್ಲಿ ಬ್ರೌನಿಂಗ್ ವಿನ್ಯಾಸ ಮಾಡಿದ, ಕೋಲ್ಟ್ ಕಂಪನಿಯ ಪಿಸ್ತೂಲು ಗೆದ್ದಿತು. ನಂಬರ್ 2 ಇರುವ ಆ ಲೂಗರ್ 1989ರಲ್ಲಿ 10 ಲಕ್ಷ ಡಾಲರಿಗೆ ಮಾರಾಟವಾಯಿತು, ಅಂದಿನಿಂದ ‘ಮಿಲಿಯನ್ ಡಾಲರ್ ಲೂಗರ್’ ಎಂದೇ ಹೆಸರು. 2010ರ ಹರಾಜಿನಲ್ಲಿ ಅದಕ್ಕೆ ಬಂದಿದ್ದು 5 ಲಕ್ಷ ಡಾಲರಿಗೂ ಸ್ವಲ್ಪ ಕಡಿಮೆ! ಅಪರೂಪದ್ದರ ಬೆಲೆ ಏರುತ್ತಲೇ ಇರುತ್ತದೆ ಎಂದು ಯಾರಾದರೂ ಹೇಳಿದರೆ ಈ ಕಥೆ ಹೇಳಿ ನೋಡಿ.

ಇನ್ನು ನಂಬರ್ ವಿಷಯ. ನಂಬರ್ 1 ಅಂದರೆ ಮೊದಲು ತಯಾರಾಗಿದ್ದು ಎಂದು ಸುಮ್ನೆ ನಂಬಬೇಡಿ. ಕಾರ್ಖಾನೆಯಲ್ಲಿ ನಂಬರ್ ಬೀಳುವುದು ಫ್ರೇಮಿಗೆ ಅಥವಾ ರಿಸೀವರಿಗೆ. ಅವು ರಾಶಿಯಲ್ಲಿ ಇರುತ್ತವೆ, ಜೋಡಿಸುವವನ ಕೈಗೆ ಯಾವುದು ಸಿಕ್ಕರೆ ಅದು ಮೊದಲು ಮುಗಿಯುತ್ತದೆ. ಕೆಲವು ಕಡೆ ನಂಬರ್ ಒಂದರಿಂದ ಶುರುವಾಗುವುದೂ ಇಲ್ಲ. ಕೋಲ್ಟ್ ಕಾರ್ಖಾನೆ ಮಾಡಿಕೊಟ್ಟ 1921ರ ಥಾಂಪ್ಸನ್ ಸಬ್‌ಮಷೀನ್ ಗನ್ ಶುರುವಾಗುವುದು 41ರಿಂದ. ಸಿಂಗರ್ ಹೊಲಿಗೆ ಯಂತ್ರದ ಕಂಪನಿ 1941ರಲ್ಲಿ ಸೈನ್ಯಕ್ಕಾಗಿ ಮಾಡಿದ 500 ಪಿಸ್ತೂಲುಗಳ ನಂಬರ್ S800001ರಿಂದ S800500. ನೋಡಿದರೆ ಎಂಟು ಲಕ್ಷದ ಮೇಲಿನ ನಂಬರ್, ಆದರೂ ಸಂಗ್ರಹಕಾರರು ಪ್ರಾಣ ಬಿಡುವುದು ಇದಕ್ಕೇ. ಕೆಲವೊಮ್ಮೆ ಚಿಕ್ಕ ನಂಬರನ್ನು ಬೇಕೆಂದೇ ಎತ್ತಿಟ್ಟು ದೊಡ್ಡವರಿಗೆ ಉಡುಗೊರೆ ಕೊಟ್ಟಿದ್ದಾರೆ. ಲಿಂಕನ್‌ಗೆ ಕೊಟ್ಟ ಹೆನ್ರಿ ರೈಫಲ್ ನಂಬರ್ 6, ಈಗ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ಸ್ಮಿತ್ ಅಂಡ್ ವೆಸನ್ 1935ರಲ್ಲಿ .357 ಮ್ಯಾಗ್ನಂ ತಂದಾಗ ಒಂದನೇ ನೋಂದಣಿ ನಂಬರಿನ ರಿವಾಲ್ವರ್ ಹೋಗಿದ್ದು ಎಫ್‌ಬಿಐ ಮುಖ್ಯಸ್ಥ ಹೂವರ್‌ಗೆ. ಇದರಲ್ಲಿ ಪ್ರಚಾರವೇ ಜಾಸ್ತಿ.

ಮೋಸ ಎಲ್ಲಿದೆ ಅಂದರೆ ಇಲ್ಲೇ. ಕೋಲ್ಟ್ ಕಂಪನಿಗೆ ಪತ್ರ ಬರೆದರೆ ನಂಬರ್ ನೋಡಿ, ಆ ಬಂದೂಕು ಯಾವಾಗ, ಯಾರಿಗೆ, ಯಾವ ಪಾಲಿಶ್‌ನಲ್ಲಿ ಹೋಯಿತು ಎಂದು ಹಳೇ ಲೆಕ್ಕದ ಪುಸ್ತಕದಿಂದ ತೆಗೆದು ಕೊಡುತ್ತಾರೆ. ವಿಂಚೆಸ್ಟರ್ ದಾಖಲೆಗಳು ವಯೋಮಿಂಗ್‌ನ ಕೋಡಿಯಲ್ಲಿರುವ ಮ್ಯೂಸಿಯಂನಲ್ಲಿವೆ. ಜನ ಆ ಪತ್ರ ನೋಡಿ ಕಣ್ಣುಮುಚ್ಚಿ ದುಡ್ಡು ಕೊಡುತ್ತಾರೆ. ಪತ್ರ ಹೇಳುವುದು ಆ ನಂಬರಿನ ಬಂದೂಕಿನ ಬಗ್ಗೆ ಮಾತ್ರ. ನಿಮ್ಮ ಕೈಯಲ್ಲಿರುವುದು ಅದೇ ಎಂದು ಅದು ಹೇಳುವುದಿಲ್ಲ. ಜಾಣ ಕಳ್ಳ ಮೊದಲು ಒಳ್ಳೆ ನಂಬರ್ ಹುಡುಕಿ, ಆಮೇಲೆ ಸಾಧಾರಣ ಬಂದೂಕಿನ ಮೇಲೆ ಅದನ್ನು ಒತ್ತುತ್ತಾನೆ. ಅದಕ್ಕೇ ಅಂಕಿಯ ಆಕಾರ, ಆಳ, ಅಂಚು ನೋಡಬೇಕು. ಒತ್ತಿದ ಅಂಕಿಯ ಸುತ್ತ ಉಕ್ಕು ಚೂರು ಉಬ್ಬಿರುತ್ತದೆ, ಉಜ್ಜಿ ಹೊಸ ಬಣ್ಣ ಕೊಟ್ಟಿದ್ದರೆ ಆ ಉಬ್ಬು ಹೋಗಿ ಸ್ಕ್ರೂ ತೂತಿನ ಅಂಚು ತಗ್ಗಾಗಿರುತ್ತದೆ. ಲೂಗರ್‌ನಲ್ಲಿ ಸಣ್ಣ ಸಣ್ಣ ಭಾಗಗಳಿಗೂ ನಂಬರಿನ ಕೊನೆಯ ಎರಡು ಅಂಕಿ ಒತ್ತಿರುವುದರಿಂದ ಕಳ್ಳನಿಗೆ ಕೆಲಸ ಜಾಸ್ತಿ. ಅಂದಹಾಗೆ ಅಮೆರಿಕದಲ್ಲಿ ಸೀರಿಯಲ್ ನಂಬರ್ ಅಳಿಸಿದ ಬಂದೂಕು ಇಟ್ಟುಕೊಳ್ಳುವುದೇ ಅಪರಾಧ, ಹಾಗಾಗಿ ಇದು ಬರೀ ದುಡ್ಡು ಕಳೆದುಕೊಳ್ಳುವ ಪ್ರಶ್ನೆಯೂ ಅಲ್ಲ.

ಅತಿ ಹೆಚ್ಚು ಅನುಮಾನ ಪಡಬೇಕಾದದ್ದು 1847ರ ಕೋಲ್ಟ್ ವಾಕರ್ ರಿವಾಲ್ವರ್. ಮಾಡಿದ್ದೇ ಸುಮಾರು 1,100. ಅದರಲ್ಲಿ 1,000 ಸೈನ್ಯಕ್ಕೆ ಹೋಯಿತು, ಯುದ್ಧದಲ್ಲಿ ಸವೆಯಿತು, ಕೆಲವದರ ಗುಂಡು ತುಂಬುವ ಸಿಲಿಂಡರ್ ಸಿಡಿಯಿತು. ನಾಗರಿಕರಿಗೆಂದು ಮಾಡಿದ ಉಳಿದ ನೂರರಲ್ಲಿ ಒಂದು 2018ರಲ್ಲಿ 18.4 ಲಕ್ಷ ಡಾಲರಿಗೆ ಹೋಯಿತು. ಇಷ್ಟು ದುಡ್ಡಿದ್ದ ಕಡೆ ನಕಲು ಬಾರದೇ ಇರುತ್ತದೆಯೇ?

ಇಷ್ಟೆಲ್ಲ ದುಡ್ಡಿಲ್ಲದವರಿಗೆ ನನ್ನ ಸಲಹೆ 1949ರ ರೂಗರ್ ಸ್ಟ್ಯಾಂಡರ್ಡ್. .22 ಅಳತೆಯ ಸರಳ ಪಿಸ್ತೂಲು. ಹಿಡಿಯ ಮೇಲಿನ ಹದ್ದಿನ ಗುರುತನ್ನು ಬಿಡಿಸಿದವನು ಪಾಲುದಾರ ಅಲೆಕ್ಸಾಂಡರ್ ಸ್ಟರ್ಮ್, ಅದರ ಹಿನ್ನೆಲೆ ಕೆಂಪು. 1951ರಲ್ಲಿ ಅವನು ತೀರಿಕೊಂಡ ಮೇಲೆ ಕಂಪನಿ ಆ ಕೆಂಪನ್ನು ಕಪ್ಪು ಮಾಡಿತು. ಹೀಗಾಗಿ ಸಂಗ್ರಹಕಾರರು ಹುಡುಕುವುದು ‘ರೆಡ್ ಈಗಲ್’. ಕೊಳ್ಳುವ ಮುಂಚೆ ಹಿಡಿ ಬಿಚ್ಚಿಸಿ ನೋಡಿ, ಕೆಂಪು ಹದ್ದಿನ ಹಿಡಿಯನ್ನು ಆಮೇಲಿನ ಪಿಸ್ತೂಲಿಗೆ ಹಾಕಲು ಒಂದು ಸ್ಕ್ರೂಡ್ರೈವರ್ ಸಾಕು.