ಯುದ್ಧದ ಚಿತ್ರ, ಸತ್ತವರ ಘನತೆ

1972ರ ಜೂನ್ 8ರಂದು ದಕ್ಷಿಣ ವಿಯೆಟ್ನಾಮಿನ ಟ್ರಾಂಗ್ ಬಾಂಗ್ ಬಳಿ ನೇಪಾಮ್ (ಮೈಗೆ ಅಂಟಿಕೊಂಡು ಉರಿಯುವ ಬಾಂಬು) ಬೆಂಕಿಯಲ್ಲಿ ಸುಟ್ಟು, ಬೆತ್ತಲೆಯಾಗಿ ಓಡಿಬಂದ ಒಂಬತ್ತು ವರ್ಷದ ಬಾಲಕಿಯ ಚಿತ್ರವನ್ನು ನಗ್ನತೆಯ ಕಾರಣಕ್ಕೆ ತಡೆಹಿಡಿಯಬೇಕೇ ಎಂದು ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್‌ನ ಸಂಪಾದಕರು ಚರ್ಚಿಸಿ, ಕೊನೆಗೆ ಬಿಡುಗಡೆ ಮಾಡಿದರು. ಅದು ಸರಿಯಾದ ನಿರ್ಧಾರವೆಂದೇ ನನ್ನ ನಂಬಿಕೆ. 2016ರಲ್ಲಿ ಫೇಸ್‌ಬುಕ್ ಅದೇ ಚಿತ್ರವನ್ನು ಅಳಿಸಿ, ನಾರ್ವೆಯಲ್ಲಿ ಪ್ರತಿಭಟನೆ ಎದ್ದ ಮೇಲೆ ಮರಳಿಸಿತು.

ಆದರೆ ಮಕ್ಕಳನ್ನು ಸೈನ್ಯಕ್ಕೆ ಕಳುಹಿಸಿರುವ ಮನೆಗಳಿರುವ ನಮ್ಮ ಹಾಸನದಲ್ಲಿ ಕುಳಿತು ಯೋಚಿಸುವಾಗ, ಸಾವಿನ ಸುದ್ದಿ ಹೆತ್ತವರಿಗೆ ತಲುಪುವ ಮೊದಲೇ ಗುರುತು ಸಿಗುವಂತಹ ಶವದ ಚಿತ್ರವನ್ನು ಹಂಚುವುದು ಕ್ರೌರ್ಯವೆಂದೇ ಅನಿಸುತ್ತದೆ. ನಮ್ಮವರ ಮುಖವನ್ನು ಮರೆಮಾಡಿ, ಗಾಜಾದ ಮಗುವಿನ ಮುಖವನ್ನು ನಿಸ್ಸಂಕೋಚವಾಗಿ ಮುದ್ರಿಸುವ ಪತ್ರಿಕಾನೀತಿಯನ್ನಂತೂ ನಾನು ಒಪ್ಪಲಾರೆ. ಅಂಥ ಚಿತ್ರ ಅನಿವಾರ್ಯವಾದಾಗ ಅದನ್ನು ಒಳಪುಟದಲ್ಲಿ ಹಾಕಿ, ದಾಳಿ ನಡೆದ ಸ್ಥಳವನ್ನೂ ನಡೆಸಿದವರನ್ನೂ ಅಡಿಬರಹದಲ್ಲಿ ತಿಳಿಸಬೇಕೆಂದು ಸಂಪಾದಕರನ್ನು ಕೋರುತ್ತೇನೆ.