ಲೆಕ್ಕಕ್ಕೆ ಮೈಬಣ್ಣ ಇದೆಯಾ?

ಅಮೆರಿಕದ ಪಬ್ಲಿಕ್ ಹೆಲ್ತ್ (ಇಡೀ ಸಮುದಾಯದ ರೋಗಗಳ ಲೆಕ್ಕ ಹಾಕಿ ತಡೆಯುವ ವಿದ್ಯೆ) ಶಿಕ್ಷಣದ ಬಗ್ಗೆ ಮಾತು ತೆಗೆದಾಗಲೆಲ್ಲ ಯಾರಾದರೂ ಕೇಳೇ ಕೇಳುತ್ತಾರೆ: "ರೋಗ ಬಣ್ಣ ನೋಡಿ ಬರಲ್ಲ, ಲೆಕ್ಕ ಯಾರು ಹಾಕಿದರೂ ಅದೇ. ಮತ್ತೆ ಆ ಕಾಲೇಜುಗಳಲ್ಲಿ ಕಪ್ಪು ಜನ ಎಷ್ಟು, ಲ್ಯಾಟಿನ್ ಅಮೆರಿಕ ಮೂಲದ ಲ್ಯಾಟಿನೋಗಳು ಎಷ್ಟು ಅಂತ ಯಾಕೆ ಎಣಿಸಬೇಕು?"

ಲೆಕ್ಕ ಅದೇ, ಒಪ್ಪಿದೆ. ಯಾರನ್ನು, ಯಾತಕ್ಕೆ ಲೆಕ್ಕ ಹಾಕುವುದು ಅಂತ ತೀರ್ಮಾನಿಸುವವರು ಯಾರು?

ಟಸ್ಕೀಗಿ ಎಂಬ ಊರಿನ ಕಥೆಯನ್ನೇ ನೋಡಿ. 1932ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಇಲಾಖೆ ಅಲಬಾಮಾ ರಾಜ್ಯದ ಈ ಊರಿನಲ್ಲಿ ಸಿಫಿಲಿಸ್ ಎಂಬ ಲೈಂಗಿಕ ರೋಗ ಇದ್ದ 399 ಮತ್ತು ಇಲ್ಲದ 201 ಕಪ್ಪು ಗಂಡಸರನ್ನು ಅಧ್ಯಯನಕ್ಕೆ ಸೇರಿಸಿಕೊಂಡಿತು. ನಿಮ್ಮ ರಕ್ತ ಕೆಟ್ಟಿದೆ ಎಂದಷ್ಟೇ ಅವರಿಗೆ ಹೇಳಿದ್ದು. ಆ ರೋಗ ವಾಸಿಮಾಡುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಸುದ್ದಿ ಪತ್ರಿಕೆಗೆ ಬಂದು ಅದು ನಿಂತದ್ದು 1972ರಲ್ಲಿ. ಅಷ್ಟೂ ವರ್ಷ ಅಂಕಿಅಂಶ ಮಾತ್ರ ಶಿಸ್ತಾಗಿ ಸೇರುತ್ತಿತ್ತು.

"ಇಲಾಖೆಯ ಒಳಗೆ ಅವರವರೇ ಒಬ್ಬರಿದ್ದಿದ್ದರೆ ಹೀಗಾಗುತ್ತಿರಲಿಲ್ಲ" ಅಂತ, ಎಣಿಸಲೇಬೇಕು ಎನ್ನುವ ನನ್ನ ಪರ ವಾದಿಸುವವರು ಹೇಳುತ್ತಾರೆ. ಇದ್ದರಲ್ಲ! ಆ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ನರ್ಸ್ ಯೂನಿಸ್ ರಿವರ್ಸ್ ಕಪ್ಪು ಮಹಿಳೆ. 1960ರ ದಶಕದಲ್ಲಿ ಇಲಾಖೆಗೆ ಹೊಸದಾಗಿ ಸೇರಿದ್ದ ಸಂಖ್ಯಾಶಾಸ್ತ್ರಜ್ಞ ಬಿಲ್ ಜೆಂಕಿನ್ಸ್ ಕೂಡ ಕಪ್ಪು ಜನಾಂಗದವರು. ವಿಷಯ ತಿಳಿದು ಅದನ್ನು ನಿಲ್ಲಿಸಲು ಒದ್ದಾಡಿದರು, ಯಾರೂ ಕಿವಿಗೊಡಲಿಲ್ಲ. ಒಬ್ಬರದು ಡಾಕ್ಟರು ಹೇಳಿದ್ದನ್ನು ಮಾಡುವ ಕೆಲಸ, ಇನ್ನೊಬ್ಬರು ಕಿರಿಯ ನೌಕರ. ನಿಲ್ಲಿಸಿ ಎನ್ನುವ ಅಧಿಕಾರ ಇಬ್ಬರಿಗೂ ಇರಲಿಲ್ಲ.

ಅದಕ್ಕೇ ಯಾವುದಾದರೂ ಕಾಲೇಜು ತನ್ನಲ್ಲಿ ಅಲ್ಪಸಂಖ್ಯಾತ (ಅಂದರೆ ಅಲ್ಲಿ ಬಿಳಿಯರಲ್ಲದ) ವಿದ್ಯಾರ್ಥಿಗಳು ಇಷ್ಟಿದ್ದಾರೆ ಎಂದು ಬೀಗಿದರೆ ನಾನು ಕಾಯಂ ಪ್ರಾಧ್ಯಾಪಕರ ಪಟ್ಟಿ ತೆಗೆದು ನೋಡುತ್ತೇನೆ. (ಫೋಟೋಗಳಲ್ಲಿ ವಿದ್ಯಾರ್ಥಿಗಳೇ ಮುಂದಿನ ಸಾಲಿನಲ್ಲಿರುತ್ತಾರೆ, ಅದು ಬೇರೆ ಮಾತು.) ವಿದ್ಯಾರ್ಥಿ ಎರಡು ವರ್ಷ ಇದ್ದು ಹೋಗುತ್ತಾನೆ. ಏನು ಕಲಿಸಬೇಕು, ಯಾರ ಸಂಶೋಧನೆಗೆ ಒಪ್ಪಿಗೆ ಕೊಡಬೇಕು, ಮುಂದಿನ ಮೇಷ್ಟರು ಯಾರಾಗಬೇಕು ಎನ್ನುವುದೆಲ್ಲ ಆ ಪಟ್ಟಿಯಲ್ಲಿರುವವರ ಕೈಯಲ್ಲಿದೆ. ಪ್ರವೇಶ ಕೊಡುವಾಗ ಜನಾಂಗವನ್ನು ಪರಿಗಣಿಸುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ತೀರ್ಪು ಕೊಟ್ಟ ಮೇಲಂತೂ ಆ ಪಟ್ಟಿಯ ತೂಕ ಹೆಚ್ಚಿದೆ ಎಂದೇ ನನ್ನ ಎಣಿಕೆ.

ಜೆಂಕಿನ್ಸ್ ಆಮೇಲೆ ಸಾಂಕ್ರಾಮಿಕ ರೋಗಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದರು. ಅದೇ ಟಸ್ಕೀಗಿಯಲ್ಲಿ ಬದುಕುಳಿದವರಿಗೆ ಸರ್ಕಾರ ಕೊಡಬೇಕಾಗಿ ಬಂದ ಚಿಕಿತ್ಸೆಯ ಉಸ್ತುವಾರಿಯನ್ನು ವರ್ಷಗಟ್ಟಲೆ ನೋಡಿಕೊಂಡರು. ಜೊತೆಗೆ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನಲ್ಲಿ ಅಲ್ಪಸಂಖ್ಯಾತ ವಿದ್ಯಾರ್ಥಿಗಳನ್ನು ಈ ವೃತ್ತಿಗೆ ತಯಾರು ಮಾಡುವ ಇಮ್ಹೊಟೆಪ್ ಎಂಬ ತರಬೇತಿ ಕಟ್ಟಿ, ಅವರಿಗೆ ತಾವೇ ಮೇಷ್ಟರಾದರು.