ಆರು ಟೋಪಿ, ಆರು ಬೋಗುಣಿ

ಭಾನುವಾರ, 5 ಅಕ್ಟೋಬರ್ 2025
ಬ್ರಿಸ್ಟಲ್

ನಿನ್ನೆ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಪುಸ್ತಕ ಸಿಕ್ಕಿತು. ಇವತ್ತು ಬೆಳಿಗ್ಗೆಯಿಂದ ಅದನ್ನು ಕೈಯಿಂದ ಬಿಟ್ಟಿಲ್ಲ. ಇಲ್ಲಿನ ಶಾಲೆಗಳಲ್ಲಿ ನೂರು ವರ್ಷದ ಹಿಂದೆ ಮಕ್ಕಳು ಓದುತ್ತಿದ್ದ ಪಾಠಪುಸ್ತಕ, ಪೂರ್ತಿ ಸಮುದ್ರಯಾನಿಗಳ ಕಥೆ. ಕೆಂಪು ಬಟ್ಟೆಯ ರಟ್ಟು, ಮೇಲೆ ಚಿನ್ನದ ಬಣ್ಣದ ಹಡಗು. ಒಳಗೆ ಒಂದು ಚೀಟಿ ಅಂಟಿಸಿದ್ದಾರೆ: ಒಂದು ದಿನವೂ ತಪ್ಪಿಸದೆ ಶಾಲೆಗೆ ಬಂದಿದ್ದಕ್ಕೆ ಬಹುಮಾನ, 1911. ಪ್ರತಿ ಪಾಠದ ಕೊನೆಗೆ ಕಠಿಣ ಪದಗಳ ಪಟ್ಟಿ. ಆ ಮಗು ಕಲಿತ ಪದಗಳ ಪಕ್ಕದಲ್ಲೆಲ್ಲ ಪೆನ್ಸಿಲ್‌ನಿಂದ ಸಣ್ಣ ಗೀಟು ಎಳೆದಿದೆ.

ಜಾನ್ ಕ್ಯಾಬಟ್‌ನ ಪಾಠ ಬಹಳ ಚೆನ್ನಾಗಿದೆ. ನಾವೀಗಿರುವ ಈ ಬ್ರಿಸ್ಟಲ್‌ನಿಂದಲೇ ಹೊರಟವನಲ್ವಾ. 1497ರ ಬೇಸಿಗೆಯಲ್ಲಿ ಮ್ಯಾಥ್ಯೂ ಅನ್ನೋ ಪುಟ್ಟ ಹಡಗಿನಲ್ಲಿ ಅಟ್ಲಾಂಟಿಕ್ ದಾಟಿ ಹೋಗಿ ಬಂದ. ರಾಜ ಏಳನೇ ಹೆನ್ರಿ ಅವನಿಗೆ ಕೊಟ್ಟ ಇನಾಮು ಹತ್ತು ಪೌಂಡು. ಆ ಹಡಗಿನ ಮಾದರಿ ಇಲ್ಲಿನ ಬಂದರಿನಲ್ಲೇ ಇದೆ, ಮಗಳು ಹತ್ತಿ ನೋಡಿದ್ದಾಳೆ. ಹಾಗಾಗಿ ಆ ಪಾಠವನ್ನು ಅವಳೇ ಜೋರಾಗಿ ಓದಿದಳು.

ಅದೇ ಬೇಸಿಗೆಯಲ್ಲಿ, ಜುಲೈ 8ಕ್ಕೆ, ವಾಸ್ಕೋ ಡ ಗಾಮ ಲಿಸ್ಬನ್ ಬಿಟ್ಟ. ಮುಂದಿನ ಪಾಠ ಅವನದು. ಚಿತ್ರದಲ್ಲಿ ಅವನು ದಡದ ಮೇಲೆ ಎದೆ ಸೆಟೆಸಿ ನಿಂತಿದ್ದಾನೆ, ನಮ್ಮವರು ಸುತ್ತ ಬಗ್ಗಿ ನಿಂತಿದ್ದಾರೆ. ಅವನು ಕೋಳಿಕ್ಕೋಡು ಮುಟ್ಟಿದ, ದಾರಿ ತೆರೆಯಿತು. ಪಾಠ ಅಲ್ಲಿಗೆ ಮುಗಿಯಿತು.

ನನಗೆ ಸಂಕಟವಾಗಿದ್ದು ಇಲ್ಲೇ. ಆ ಹಡಗುಗಳಲ್ಲಿ ಹೋದವನೊಬ್ಬ ಬರೆದಿಟ್ಟ ದಿನಚರಿ ಇದೆ. ಅದರ ಇಂಗ್ಲಿಷ್ ಅನುವಾದವನ್ನು, ಹಳೆಯ ಯಾನಗಳ ಬರಹಗಳನ್ನು ಪ್ರಕಟಿಸುವ ಹಕ್ಲೂಯ್ಟ್ ಸೊಸೈಟಿ 1898ರಲ್ಲೇ ಅಚ್ಚು ಹಾಕಿತ್ತು. ಎಂದರೆ ಈ ಪುಸ್ತಕ ಆ ಮಗುವಿನ ಕೈ ಸೇರುವ ಹದಿಮೂರು ವರ್ಷ ಮೊದಲೇ. ಕೋಳಿಕ್ಕೋಡಿನ ರಾಜ ಸಾಮೂದಿರಿಗೆ ಕೊಡಲು ಗಾಮ ತೆಗೆದಿಟ್ಟ ಕಾಣಿಕೆಯನ್ನು ಅದರಲ್ಲಿ ಎಣಿಸಿ ಬರೆದಿದೆ. ಪಟ್ಟೆ ಬಟ್ಟೆ ಹನ್ನೆರಡು. ಕೆಂಪು ಕುಲಾವಿ ನಾಲ್ಕು. ಟೋಪಿ ಆರು. ಹವಳದ ಸರ ನಾಲ್ಕು. ಕೈ ತೊಳೆಯುವ ಬೋಗುಣಿ ಆರು. ಒಂದು ಪೆಟ್ಟಿಗೆ ಸಕ್ಕರೆ, ಎರಡು ಪೀಪಾಯಿ ಎಣ್ಣೆ, ಎರಡು ಪೀಪಾಯಿ ಜೇನುತುಪ್ಪ. ಸಾಮೂದಿರಿಯ ಕಡೆಯವರು ನೋಡಿ ನಕ್ಕುಬಿಟ್ಟರು. ಮೆಕ್ಕಾದಿಂದ ಬರುವ ತೀರಾ ಬಡ ವ್ಯಾಪಾರಿಯೂ ಇದಕ್ಕಿಂತ ಜಾಸ್ತಿ ಕೊಡ್ತಾನೆ, ಕೊಡೋದಾದರೆ ಚಿನ್ನ ಕೊಡಿ ಎಂದರು.

ಎಂಥ ಕಥೆ! ಇದನ್ನು ಕೇಳಿದ್ದರೆ ಆ 1911ರ ಮಗು ಎಷ್ಟು ಖುಷಿಪಡುತ್ತಿತ್ತೋ. ಬೋಗುಣಿ, ಟೋಪಿ ಎಲ್ಲ ಮಕ್ಕಳಿಗೆ ಗೊತ್ತಿರುವ ವಸ್ತುಗಳೇ. ಬ್ರಿಟಿಷ್ ಸಾಮ್ರಾಜ್ಯದ ಹೆಮ್ಮೆಯ ದಿನವೆಂದು ಎಂಪೈರ್ ಡೇ ಆಚರಿಸುತ್ತಿದ್ದ ಕಾಲ ಅದು. ದಡದ ಮೇಲಿದ್ದವರು ನಗಬಲ್ಲವರು, ಬೆಲೆ ಬಲ್ಲವರು ಎಂದು ಹೇಳಲು ಬರೆದವರಿಗೆ ಮನಸ್ಸಾಗಲಿಲ್ಲ. ನಾವಾದರೂ ಏನು ಓದಿದೆವು? ಭಾರತಕ್ಕೆ ಜಲಮಾರ್ಗ ಕಂಡುಹಿಡಿದವರು ಯಾರು, ಒಂದು ಅಂಕ. ಹೆಸರು ಬರೆದು ಮುಂದಿನ ಪ್ರಶ್ನೆಗೆ ಹೋದವರೇ ಎಲ್ಲ.

ಮಗಳು ಕೇಳಿದಳು, "ಅಮ್ಮಾ, ಆಫ್ರಿಕಾದಿಂದ ಈಚೆಗೆ ಅವ್ರಿಗೆ ದಾರಿ ತೋರಿಸಿದ್ದು ಯಾರು?"

ಆಫ್ರಿಕಾದ ಪೂರ್ವ ತೀರದ ಮಾಲಿಂದಿಯಲ್ಲಿ ಜೊತೆಗೆ ಹತ್ತಿದ, ಆ ಸಮುದ್ರ ಬಲ್ಲ ನಾವಿಕ. ಮುಂಗಾರು ಗಾಳಿಯ ಲೆಕ್ಕ ಅವನಿಗೆ ಗೊತ್ತಿತ್ತು. 23 ದಿನದಲ್ಲಿ ದಾಟಿಸಿದ. ಪಾಠದಲ್ಲಿ ಅವನಿಗೆ ಸಿಕ್ಕಿರೋದು ಒಂದೇ ಸಾಲು. ವಾಪಸ್ ಹೋಗುವಾಗಿನ ಕಥೆಯಂತೂ ಇಲ್ಲವೇ ಇಲ್ಲ, ಅದು ನಮ್ಮ ಕಡೆಯದು. ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದಲ್ಲಿ ಅವರು ಹಡಗು ರಿಪೇರಿ ಮಾಡಿಕೊಂಡರು, ನೀರು ತುಂಬಿಕೊಂಡರು. ಹೊರಟದ್ದು 1498ರ ಅಕ್ಟೋಬರ್ 5. ಇವತ್ತಿನ ತಾರೀಕೇ! ಗಾಳಿ ಇನ್ನೂ ತಿರುಗಿರಲಿಲ್ಲ. ಬರುವಾಗ 23 ದಿನ ಹಿಡಿದ ಸಮುದ್ರ, ಹೋಗುವಾಗ ಮೂರು ತಿಂಗಳು ಹಿಡಿಯಿತು. ಒಸಡು ಊದಿ ಹಲ್ಲಿನ ಮೇಲೆ ಬೆಳೆಯಿತು, ಊಟ ಮಾಡಲಾಗದೆ, ಕಾಲು ಬಾತು, ಮೂವತ್ತು ಜನ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸ ಮಾಡಬಲ್ಲವರು ಏಳೆಂಟು ಮಂದಿ ಉಳಿದರು. ನಡೆಸಲು ಕೈ ಸಾಲದೆ ಒಂದು ಹಡಗನ್ನು ತಾವೇ ಸುಟ್ಟರು. ಆ ಹುಡುಗರ ಮೇಲೆ ನನಗೆ ಕೋಪವಿಲ್ಲ. ಓದುವಾಗ ಕಣ್ಣು ತುಂಬಿತು.

ಅಪ್ಪ ಹುಟ್ಟಿ ಬೆಳೆದದ್ದು ಕಾರವಾರದ ಪಕ್ಕದ ಬಿಣಗಾದಲ್ಲಿ. ಈಗ ಅಲ್ಲಿ ನೌಕಾನೆಲೆ ಬಂದಿದೆ, ದ್ವೀಪಕ್ಕೂ ದಡಕ್ಕೂ ಕಲ್ಲಿನ ತಡೆಗೋಡೆ ಕಟ್ಟಿದ್ದಾರೆ. ಸಂಜೆ ಫೋನ್ ಮಾಡಿ ಪಾಠವನ್ನು ಓದಿ ಹೇಳಿದೆ, ಅದರಲ್ಲಿಲ್ಲದ ವಾಪಸ್ ಪ್ರಯಾಣದ ಕಥೆಯನ್ನೂ ಹೇಳಿದೆ. ಅಪ್ಪ ಕೊನೆಯವರೆಗೂ ಸುಮ್ನೆ ಕೇಳಿಸಿಕೊಂಡರು. ಆಮೇಲೆ ಒಂದೇ ಮಾತು ಕೇಳಿದರು:

"ಮೂಡಗಾಳಿ ಬರೋತನಕ ಕಾಯಿರಿ ಅಂತ ಅವ್ರಿಗೆ ಯಾರೂ ಹೇಳ್ಲಿಲ್ವಾ, ಮಗಾ?"